ಮಫ್ತಿಯ ಜೇಬು

ಪೊಲೀಸ್ ಕ್ವಾರ್ಟರ್ಸ್‌ಗೆ ಮೊದಲ ಸಲ ಬರುವ ಮಕ್ಕಳೆಲ್ಲ ಕೇಳುವುದು ಒಂದೇ ಪ್ರಶ್ನೆ. "ಆಂಟಿ, ಅಂಕಲ್ ಗನ್ ಎಲ್ಲಿಡ್ತಾರೆ?" ಮಗನ ಹುಟ್ಟುಹಬ್ಬಕ್ಕೆ ಬಂದ ಮೂರನೇ ಕ್ಲಾಸಿನ ದಂಡು ಕೇಕು ಬಿಟ್ಟು ಮಂಚದ ಕೆಳಗೆಲ್ಲ ನುಗ್ಗಿ ಹುಡುಕಿತ್ತು. ಸಿಕ್ಕಿದ್ದು ಒಂದು ಜೊತೆ ಹಳೇ ಬೂಟು, ಪಾಲಿಷ್ ಡಬ್ಬಿ, ಮತ್ತು ಮೂರು ತಿಂಗಳಿಂದ ಕಾಣೆಯಾಗಿದ್ದ ನನ್ನ ಲಟ್ಟಣಿಗೆ.

ಗನ್ ನಮ್ಮ ಮನೆಯಲ್ಲಿಲ್ಲ. ನಮ್ಮವರು ಹೆಡ್ ಕಾನ್‌ಸ್ಟೆಬಲ್. ನಮ್ಮ ಮಂಡ್ಯದ ಕಡೆ ಈಗಲೂ ದಫೇದಾರ್ರು ಅಂತಲೇ ಕರೆಯುವುದು. ಅವರ ದರ್ಜೆಯವರಿಗೆ ಬಂದೂಕು ಸಿಗುವುದು ಗಾರ್ಡ್ ಡ್ಯೂಟಿಗೋ ಬಂದೋಬಸ್ತಿಗೋ ಹಾಕಿದಾಗ. ತೆಗೆದುಕೊಳ್ಳುವಾಗ ರಿಜಿಸ್ಟರಿನಲ್ಲಿ ಅದರ ನಂಬರು, ಗುಂಡುಗಳ ಲೆಕ್ಕ, ಸಹಿ. ಡ್ಯೂಟಿ ಮುಗಿದ ಮೇಲೆ ವಾಪಸ್ ಕೊಡುವಾಗ ಮತ್ತೆ ಅಷ್ಟೂ ಲೆಕ್ಕ. ಒಂದು ಗುಂಡು ಕಡಿಮೆ ಬಂದರೂ ಆ ದಿನ ಮನೆಗೆ ಬಂದ ಹಾಗೇ ಇಲ್ಲ. ಸ್ವಂತದ್ದು ಬೇಕೆಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಎಲ್ಲರಂತೆ ಅರ್ಜಿ ಹಾಕಿ ಲೈಸೆನ್ಸ್ ಪಡೆಯಬೇಕು. (ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದು ಬೇರೆ ಕಥೆ. ಅವರ ಮನೆಗೆ ಹೋದರೆ ಮಕ್ಕಳಿಗೆ ಬಂದೂಕು ಕಂಡೀತು.) ಮನೆಯಲ್ಲಿ ಬಂದೂಕಿಲ್ಲ ಎಂದು ಮಗನ ಸ್ನೇಹಿತರಿಗೆ ಬೇಸರ. ಇಬ್ಬರು ಮಕ್ಕಳಿರುವ ನನಗೆ ಬಹಳ ಸಮಾಧಾನ.

ಹಾಗಾದರೆ ರಜೆಯ ದಿನ ಪೊಲೀಸರ ಜೇಬಿನಲ್ಲಿ ಏನಿರುತ್ತದೆ? ಹದಿನಾರು ವರ್ಷದಿಂದ ಇವರ ಅಂಗಿ, ಪ್ಯಾಂಟು ಒಗೆಯುವ ಮುಂಚೆ ಜೇಬು ಖಾಲಿ ಮಾಡುತ್ತಿರುವವಳು ನಾನು. ಈ ವಿಷಯದಲ್ಲಿ ಇಲಾಖೆಗಿಂತ ನನಗೇ ಹೆಚ್ಚು ಗೊತ್ತು ಎಂದರೆ ತಪ್ಪಾಗಲಾರದು.

ಮೊದಲು ಒಂದು ಮಾತು. ಪೊಲೀಸರಿಗೆ ರಜೆ ಎಂಬುದು ಬಟ್ಟೆ ಬದಲಾಯಿಸುವುದಕ್ಕೆ ಮಾತ್ರ. ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆ ಮಾಡಿದಾಗಲೇ, ಪೊಲೀಸ್ ಅಧಿಕಾರಿಯನ್ನು ಸದಾಕಾಲ ಕರ್ತವ್ಯದ ಮೇಲೆ ಇರುವವನೆಂದೇ ಭಾವಿಸತಕ್ಕದ್ದು ಎಂದು ಬರೆದಿಟ್ಟರು. ಮದುವೆಯಾದ ಹೊಸದರಲ್ಲಿ ಇವರು ಇದನ್ನು ಹೇಳಿದಾಗ ನಾನು ತಮಾಷೆ ಅಂದುಕೊಂಡಿದ್ದೆ. ಆಮೇಲೆ ಒಂದು ಗೌರಿ ಹಬ್ಬ, ಎರಡು ದೀಪಾವಳಿ, ಮಗಳ ನಾಮಕರಣದ ಅರ್ಧ ದಿನ ಬಂದೋಬಸ್ತಿನ ಪಾಲಾದ ಮೇಲೆ ಅರ್ಥವಾಯಿತು.

ಅಮೆರಿಕದಲ್ಲಿ ರಜೆಯ ಪೊಲೀಸರ ಜೇಬು ನಮ್ಮದಕ್ಕಿಂತ ಭಾರ. ನನ್ನ ಚಿಕ್ಕಪ್ಪನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಪಕ್ಕದ ಮನೆಯಾತ ಪೊಲೀಸ್. ಹಾಲು, ಬ್ರೆಡ್ಡು ತರಲು ಅಂಗಡಿಗೆ ಹೋಗುವಾಗಲೂ ಅಂಗಿಯ ಒಳಗೆ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡಿರುತ್ತಾನಂತೆ. ಅಲ್ಲಿ 2004ರಲ್ಲಿ ಬಂದ ಕೇಂದ್ರ ಕಾಯ್ದೆಯೊಂದು ಅರ್ಹ ಪೊಲೀಸರಿಗೆ, ನಿವೃತ್ತರಾದವರಿಗೂ, ಬಟ್ಟೆಯ ಮರೆಯಲ್ಲಿ ಬಂದೂಕಿಟ್ಟುಕೊಂಡು ದೇಶದ ಯಾವ ರಾಜ್ಯಕ್ಕಾದರೂ ಹೋಗಲು ಅವಕಾಶ ಕೊಟ್ಟಿದೆ. ಯಾವ ಅಳತೆಯದು ಇಟ್ಟುಕೊಳ್ಳಬೇಕು, ಬೇಸಿಗೆಯ ತೆಳು ಅಂಗಿಯಲ್ಲಿ ಅದು ಕಾಣದಂತೆ ಹೇಗೆ ಮುಚ್ಚಬೇಕು, ಇವೆಲ್ಲ ಅಲ್ಲಿನ ಪೊಲೀಸರ ನಡುವೆ ದೊಡ್ಡ ಚರ್ಚೆ. ಅದಕ್ಕಿಂತ ದೊಡ್ಡ ಚರ್ಚೆ, ಬಿಲ್ಲೆಯನ್ನು ಎಲ್ಲಿ ಸಿಕ್ಕಿಸಿಕೊಳ್ಳಬೇಕು ಎಂಬುದು.

ಬಿಲ್ಲೆಯ ಮಾತೇಕೆ ಎಂದು ಕೇಳಿದ್ದಕ್ಕೆ ಇವರು ಒಂದು ಘಟನೆ ಹೇಳಿದರು. 2009ರ ಮೇ ತಿಂಗಳು, ನ್ಯೂಯಾರ್ಕಿನ ಹಾರ್ಲೆಮ್. ಓಮರ್ ಎಡ್ವರ್ಡ್ಸ್ ಎಂಬ ಇಪ್ಪತ್ತೈದು ವರ್ಷದ ಪೊಲೀಸ್ ಡ್ಯೂಟಿ ಮುಗಿಸಿ ಹೊರಟಿದ್ದಾನೆ. ತನ್ನ ಕಾರಿಗೆ ಯಾರೋ ಕನ್ನ ಹಾಕುತ್ತಿರುವುದು ಕಾಣುತ್ತದೆ. ಬಂದೂಕು ಹಿಡಿದು ಅವನನ್ನು ಅಟ್ಟಿಸಿಕೊಂಡು ಓಡುತ್ತಾನೆ. ಅದೇ ರಸ್ತೆಯಲ್ಲಿ ಬಂದ ಬೇರೆ ಪೊಲೀಸರಿಗೆ ಕಂಡದ್ದು ಕೈಯಲ್ಲಿ ಬಂದೂಕು ಹಿಡಿದು ಓಡುವ ಒಬ್ಬ ಮನುಷ್ಯ, ಅಷ್ಟೇ. ಅವರಲ್ಲೊಬ್ಬರು ಗುಂಡು ಹಾರಿಸಿದರು. ಎಡ್ವರ್ಡ್ಸ್ ಸತ್ತ. ಅವನಿಗೆ ಇಬ್ಬರು ಪುಟ್ಟ ಮಕ್ಕಳಿದ್ದರು.

"ಯೂನಿಫಾರಂ ಇದ್ದಾಗ ನಾನ್ಯಾರು ಅಂತ ಬಟ್ಟೆನೇ ಹೇಳ್ತದೆ. ಮಫ್ತೀಲಿ ಅದನ್ನ ನಾವೇ ಹೇಳ್ಬೇಕು, ಅದೂ ಬೇಗ ಹೇಳ್ಬೇಕು" ಎಂದರು ಇವರು. ಅವರ ಜೇಬಿನ ಸಾಮಾನೆಲ್ಲ ನನಗೆ ಅರ್ಥವಾದದ್ದು ಆ ಮಾತಿನಿಂದ.

ಹೀಗಾಗಿ ಮೊದಲ ಸಾಮಾನು ಗುರುತಿನ ಚೀಟಿ. ಅದು ಪರ್ಸಿನಲ್ಲಿರುವುದಿಲ್ಲ, ಅಂಗಿಯ ಎಡಜೇಬಿನಲ್ಲಿ ಒಂಟಿಯಾಗಿ ಇರುತ್ತದೆ. ಪರ್ಸು ತೆಗೆದು, ಕಾರ್ಡುಗಳನ್ನೆಲ್ಲ ಸರಿಸಿ, ರೇಷನ್ ಅಂಗಡಿಯ ರಸೀದಿ ಕೆಳಗೆ ಬೀಳಿಸಿಕೊಂಡು ಹುಡುಕುವಷ್ಟು ಪುರುಸೊತ್ತು ಬೇಕಾದ ಹೊತ್ತಿನಲ್ಲಿ ಇರುವುದಿಲ್ಲ. ಹೋಟೆಲಿನಲ್ಲಿ ಬಿಲ್ಲು ಬಂದಾಗ ಮಾತ್ರ ಆ ಚೀಟಿ ಹೊರಗೆ ಬರುವುದಿಲ್ಲ. ಈ ಒಂದು ವಿಷಯಕ್ಕೆ ನನಗೆ ಇವರ ಮೇಲೆ ಗೌರವ. ಬರುವವರೂ ಇದ್ದಾರೆ, ಅವರ ಮಾತು ಇಲ್ಲಿ ಬೇಡ.

ಓದುಗರಿಗೂ ಇಲ್ಲಿ ಒಂದು ವಿಷಯವಿದೆ. ಬಂಧಿಸಲು ಬರುವ ಪೊಲೀಸರು ತಮ್ಮ ಹೆಸರು ಸ್ಪಷ್ಟವಾಗಿ ಕಾಣುವಂತೆ ಗುರುತು ಧರಿಸಿರಬೇಕು, ಬಂಧನದ ಮೆಮೊ ಬರೆದು ಸಾಕ್ಷಿಯ ಸಹಿ ಹಾಕಿಸಬೇಕು ಎಂದು ಸುಪ್ರೀಂ ಕೋರ್ಟು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿತು. ಅದು ಆಮೇಲೆ ಕಾನೂನಿಗೂ ಸೇರಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಸಾದಾ ಬಟ್ಟೆಯಲ್ಲಿ ಯಾರಾದರೂ ಬಂದು "ನಾನು ಪೊಲೀಸ್, ನಡಿ" ಎಂದರೆ ಗುರುತಿನ ಚೀಟಿ ತೋರಿಸಿ ಎಂದು ಕೇಳಬಹುದು. ಕೇಳಿದ್ದಕ್ಕೆ ನಿಜವಾದ ಪೊಲೀಸರು ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಳ್ಳಬಾರದು. ಇನ್ನು ಫೋನಿನಲ್ಲಿ, ವಿಡಿಯೊದಲ್ಲಿ ಖಾಕಿ ತೊಟ್ಟು ಕುಳಿತು ಗುರುತಿನ ಚೀಟಿ ತೋರಿಸಿ, ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎನ್ನುವವರ ಬಗ್ಗೆ ಹೇಳುವುದೇ ಬೇಡ. ಅಂಥದ್ದೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ನಮ್ಮ ಕ್ವಾರ್ಟರ್ಸಿನಲ್ಲೇ ನಿವೃತ್ತ ಎಎಸ್‌ಐ ಒಬ್ಬರ ಮನೆಗೆ ಇಂಥ ಕರೆ ಬಂದಿತ್ತು! ಅವರ ಹೆಂಡತಿ ಫೋನನ್ನು ಗಂಡನ ಕೈಗೆ ಕೊಟ್ಟರಂತೆ. ಆ ಕಡೆಯವನು ಯಾವ ಠಾಣೆ, ಯಾವ ಬ್ಯಾಚು ಎಂಬ ಎರಡೇ ಪ್ರಶ್ನೆಗೆ ಕರೆ ಕತ್ತರಿಸಿದನಂತೆ. ಎಲ್ಲರ ಮನೆಯಲ್ಲೂ ಎಎಸ್‌ಐ ಇರುವುದಿಲ್ಲವಲ್ಲ, ಹಾಗಾಗಿ 1930 ಎಂಬ ಸೈಬರ್ ಸಹಾಯವಾಣಿಯ ನಂಬರನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿಡಿ.

ಎರಡನೆಯದು ಸೀಟಿ. ಇದರ ಮೇಲೆ ನಮ್ಮ ಮನೆಯಲ್ಲಿ ಜಗಳಗಳೇ ಆಗಿವೆ. ತಂಗಿಯ ಮದುವೆಗೆ ರೇಷ್ಮೆ ಪಂಚೆ, ಶಲ್ಯದಲ್ಲಿ ಹೊರಟವರ ಅಂಗಿ ಜೇಬಿನಿಂದ ಸೀಟಿಯ ದಾರ ಇಳಿಬಿದ್ದಿತ್ತು. ತೆಗೆದಿಡಿ ಎಂದರೆ ಕೇಳಲಿಲ್ಲ. "ಗಂಟಲಿಗಿಂತ ಇದರ ಸದ್ದು ದೊಡ್ಡದು ಕಣೇ, ಬ್ಯಾಟರಿ ಬೇಡ, ಸಿಗ್ನಲ್ ಬೇಡ" ಎಂಬುದು ಅವರ ವಾದ.

ಸೀಟಿಗೆ ಒಂದು ಸೊಗಸಾದ ಚರಿತ್ರೆ ಇದೆ. ಲಂಡನ್ ಪೊಲೀಸರು ಮೊದಲು ಮರದ ಗಿರಕಿಯೊಂದನ್ನು ತಿರುಗಿಸಿ ಕಟಕಟ ಸದ್ದು ಮಾಡಿ ಸಹಾಯಕ್ಕೆ ಕರೆಯುತ್ತಿದ್ದರು. ಜೇಬಿನಲ್ಲಿಟ್ಟುಕೊಳ್ಳಲು ಅದು ತೊಡಕು, ಸದ್ದೂ ದೂರ ಹೋಗದು. 1883ರಲ್ಲಿ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹಡ್ಸನ್ ಎಂಬಾತ ಕೊಳವೆಯಂಥ ಹಿತ್ತಾಳೆ ಸೀಟಿಯೊಂದನ್ನು ಮಾಡಿಕೊಟ್ಟ. ಆತನ ಪಿಟೀಲು ಕೈಜಾರಿ ಬಿದ್ದು, ತಂತಿ ಕಡಿಯುವಾಗ ಬಂದ ಕರ್ಕಶ ಸ್ವರ ಕೇಳಿ ಇದೇ ಸರಿ ಎಂದುಕೊಂಡನಂತೆ. ಕಥೆ ನಿಜವೋ ಕಟ್ಟಿದ್ದೋ, ಸೀಟಿಯಂತೂ ಎರಡು ಸ್ವರ ಒಟ್ಟಿಗೆ ಹೊರಡಿಸುತ್ತಿತ್ತು, ಮೈಲಿಗೂ ಹೆಚ್ಚು ದೂರ ಕೇಳುತ್ತಿತ್ತು. ಲಂಡನ್ ಪೊಲೀಸರು ಗಿರಕಿ ಬಿಟ್ಟು ಅದನ್ನು ಹಿಡಿದರು. ಒಳಗೆ ಗುಂಡು ಉರುಳುವ ಸೀಟಿಯನ್ನು ಹಡ್ಸನ್ ಮಾಡಿದ್ದು ಅದಾದ ಮೇಲೆ. ಆಟದ ಮೈದಾನದಲ್ಲಿ ಪಿಇಟಿ ಮೇಷ್ಟ್ರು ಊದುವುದು ಅದರ ಜಾತಿಯದು. ಇವರದು ಎರಡನೆಯ ಬಗೆಯದು. ಒಳಗಿರುವುದು ಬಿರಡೆಯ ಗುಂಡು. ಸೋಪು ನೀರಿನಲ್ಲಿ ನೆನೆದರೆ ಉಬ್ಬಿಕೊಂಡು ಸದ್ದು ಕಟ್ಟುತ್ತದೆ.

ಮೂರನೆಯದು ಬೆರಳುದ್ದದ ಟಾರ್ಚು, ನಾಲ್ಕನೆಯದು ಒಂದು ದೊಡ್ಡ ಹತ್ತಿ ಟವೆಲ್ಲು. ಕರ್ಚೀಫಲ್ಲ, ಹೊಲಕ್ಕೆ ಹೋಗುವವರು ಹೆಗಲಿಗೆ ಹಾಕುವಂಥದ್ದು. ನಾಲ್ಕು ಮಡಿಕೆ ಮಾಡಿ ಬ್ಯಾಗಿನ ಮೇಲುಗಡೆಯೇ ಇಡುತ್ತಾರೆ. ಇವೆರಡೂ ಸೀಟಿಯ ಜೊತೆ ಸೇರಿ ಏನು ಮಾಡಬಲ್ಲವು ಎಂದು ನಾನು ಕಣ್ಣಾರೆ ಕಂಡದ್ದು ಎರಡು ವರ್ಷದ ಹಿಂದೆ, ತಮ್ಮನ ಮನೆಯ ಗೃಹಪ್ರವೇಶದ ದಿನ.

ಬ್ರಾಹ್ಮೀ ಮುಹೂರ್ತ ಎಂದು ರಾತ್ರಿ ಮೂರೂವರೆಗೇ ಬಾಡಿಗೆ ಓಮ್ನಿಯಲ್ಲಿ ಮಳವಳ್ಳಿ ರಸ್ತೆ ಹಿಡಿದಿದ್ದೆವು. ಕಬ್ಬು ಕಡಿಯುವ ಕಾಲ. ಒಂದು ತಿರುವಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಕೆಟ್ಟು ನಿಂತಿದೆ. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಅದಕ್ಕೆ ಹಿಂದಿನಿಂದ ಬೈಕು ಬಡಿದು ಇಬ್ಬರು ಹುಡುಗರು ಬಿದ್ದಿದ್ದಾರೆ. ಹಾಲಿನ ವ್ಯಾನಿನವನೊಬ್ಬ, ಇನ್ನಿಬ್ಬರು ದೂರದಲ್ಲೇ ನಿಂತು ನೋಡುತ್ತಿದ್ದಾರೆ.

ನಾನಾಗಿದ್ದರೆ ಮೊದಲು ಹುಡುಗರ ಹತ್ತಿರ ಓಡುತ್ತಿದ್ದೆ. ಇವರು ಓಡಿದ್ದು ಎದುರು ದಿಕ್ಕಿಗೆ. ನಮ್ಮ ಡ್ರೈವರನ ಕೈಗೆ ಟಾರ್ಚು ಕೊಟ್ಟು, ಸೀಟಿಯನ್ನೂ ಅವನ ಬಾಯಿಗಿಟ್ಟು, ತಿರುವಿನ ಆಚೆ ನಿಲ್ಲಿಸಿ ಬಂದರು. ಬರುವ ಲಾರಿಗೆ ಈ ಕಡೆ ಏನಿದೆ ಎಂದು ತಿಳಿಯದಿದ್ದರೆ ಇಬ್ಬರಲ್ಲ, ನಾವೆಲ್ಲರೂ ಹೋಗುತ್ತಿದ್ದೆವು. ಆಮೇಲೆ ಹುಡುಗರತ್ತ ಬಂದರು. ಒಬ್ಬನಿಗೆ ಮಾತಾಡುವ ಶಕ್ತಿಯಿತ್ತು. ಇನ್ನೊಬ್ಬನ ತೊಡೆ ಸೀಳಿ ರಕ್ತ ಹರಿಯುತ್ತಿತ್ತು. ಟವೆಲ್ಲನ್ನು ಗಾಯದ ಮೇಲೆ ಒತ್ತಿ ನನ್ನ ಎರಡೂ ಕೈ ಹಿಡಿದು ಅದರ ಮೇಲಿಟ್ಟರು. "ಮೈಭಾರ ಎಲ್ಲ ಬಿಟ್ಟು ಒತ್ತು. ನಿಂತಿತಾ ಅಂತ ಎತ್ತಿ ನೋಡ್ಬೇಡ. ಟವೆಲ್ ನೆಂದ್ರೆ ಅದರ ಮೇಲೇ ಇನ್ನೊಂದು ಬಟ್ಟೆ ಹಾಕು."

ದೂರ ನಿಂತಿದ್ದವರು ಹತ್ತಿರ ಬರಲಿಲ್ಲ. ಕೋರ್ಟು, ಕಚೇರಿ, ಸಾಕ್ಷಿ ಎಂಬ ಹೆದರಿಕೆ. ಆಗ ಹೊರಗೆ ಬಂತು ಎಡಜೇಬಿನ ಗುರುತಿನ ಚೀಟಿ. "ನಾನೇ ಪೊಲೀಸು. ನಿಮ್ಮ ಹೆಸರೂ ಕೇಳಲ್ಲ, ಊರೂ ಕೇಳಲ್ಲ. ಬನ್ರಪ್ಪ, ಒಂದು ಕೈ ಹಾಕಿ." ಬಂದರು. ಆ ಚೀಟಿಯನ್ನು ತೋರಿಸಿ ಹೆದರಿಸಿದ್ದನ್ನು ಸಿನಿಮಾದಲ್ಲಿ ಬೇಕಾದಷ್ಟು ನೋಡಿದ್ದೇನೆ. ತೋರಿಸಿ ಹೆದರಿಕೆ ಬಿಡಿಸಿದ್ದನ್ನು ನೋಡಿದ್ದು ಅದೇ ಮೊದಲು.

ಅವರು ಹೇಳಿದ್ದು ಬರೀ ಸಮಾಧಾನದ ಮಾತಲ್ಲ. ಅಪಘಾತದಲ್ಲಿ ನೆರವಿಗೆ ಬಂದವರನ್ನು ಕಾಪಾಡುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರಲ್ಲಿ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ತಿದ್ದುಪಡಿ ಬಂತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಿ ಎಂದು ಬಲವಂತ ಮಾಡುವಂತಿಲ್ಲ. ಇದು ಇನ್ನೂ ನಮ್ಮ ರಸ್ತೆಗಳಿಗೆ ಇಳಿದು ಬಂದಿಲ್ಲ ಎಂಬುದೇ ಸಂಕಟ.

108ಕ್ಕೆ ಫೋನು ಮಾಡಿದ್ದಾಯಿತು. ಆಂಬುಲೆನ್ಸ್ ಬರುವವರೆಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನಾನು ಕೈ ತೆಗೆಯಲಿಲ್ಲ. ಟವೆಲ್ಲಿನ ಮೇಲೆ ಹಾಲಿನ ವ್ಯಾನಿನವನ ಅಂಗಿ ಬಂತು, ಅದರ ಮೇಲೆ ನನ್ನ ಶಾಲು ಬಂತು. ಹುಡುಗ ನೀರು ನೀರು ಎನ್ನುತ್ತಿದ್ದ. ಇವರು ಕೊಡಬೇಡ ಎಂದರು. ಆಪರೇಷನ್ ಆಗಬೇಕಾದವನಿಗೆ ಬಾಯಿಗೆ ಏನೂ ಹಾಕಬಾರದಂತೆ. ಬರೀ ತುಟಿ ಒದ್ದೆ ಮಾಡಿದೆ. ಮಂಡ್ಯದ ಆಸ್ಪತ್ರೆಯಲ್ಲಿ ಹುಡುಗ ಉಳಿದ. ಕಾಲೂ ಉಳಿಯಿತು. ನಾವು ಗೃಹಪ್ರವೇಶಕ್ಕೆ ತಲುಪುವ ಹೊತ್ತಿಗೆ ಹಾಲು ಉಕ್ಕಿ, ಹೋಮ ಮುಗಿದು, ಎರಡನೇ ಪಂಕ್ತಿ ಕೂತಿತ್ತು. ನನ್ನ ಸೀರೆ ನೋಡಿ ಅಮ್ಮ ಕಿರುಚಿಕೊಂಡಳು.

ಆ ದಿನದ ನಂತರ ಬ್ಯಾಗಿಗೆ ಹೊಸದಾಗಿ ಎರಡು ಜೊತೆ ರಬ್ಬರ್ ಗ್ಲೌಸು ಸೇರಿತು. ಸೇರಿಸಿದ್ದು ನಾನು.

ಇನ್ನು ಏನಿರುವುದಿಲ್ಲ ಎಂಬುದನ್ನೂ ಹೇಳಬೇಕು. ಲಾಠಿ ಇರುವುದಿಲ್ಲ. ಕೈಕೋಳವಂತೂ ಇಲ್ಲವೇ ಇಲ್ಲ. ಡ್ಯೂಟಿಯ ಮೇಲಿದ್ದಾಗಲೇ ಅದನ್ನು ಸುಮ್ಮಸುಮ್ಮನೆ ಹಾಕುವಂತಿಲ್ಲ, 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಬರೆದ ತೀರ್ಪೊಂದು ಕೈಕೋಳ ಹಾಕುವ ವಾಡಿಕೆಯನ್ನೇ ಖಂಡಿಸಿತು. ಡ್ಯೂಟಿ ಮುಗಿಸಿ ಬರುವಾಗ ಖಾಕಿ ಅಂಗಿಯ ಮೇಲೆ ಗೀಟಿನ ಅಂಗಿ ಏರಿಸಿ ಬರುತ್ತಾರೆ. ಅದೊಂದು ಪೊಲೀಸರೆಲ್ಲರ ವೇಷ. ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವರ ನಂಬಿಕೆ. ಖಾಕಿ ಪ್ಯಾಂಟು, ಬೂಟು, ಹತ್ತಿರ ಕತ್ತರಿಸಿದ ಕೂದಲು ನೋಡಿ ಬೀದಿಯ ಕೊನೆಯಲ್ಲೇ ಮಕ್ಕಳು "ಪೊಲೀಸ್ ಬಂದ್ರು" ಎಂದು ಕೂಗಿರುತ್ತವೆ.

ಮೇಲಿನ ಮನೆಯಲ್ಲಿರುವ ಮಹಿಳಾ ಕಾನ್‌ಸ್ಟೆಬಲ್ ನನ್ನ ಗೆಳತಿ. ಅವಳ ವ್ಯಾನಿಟಿ ಬ್ಯಾಗಿನದು ಬೇರೆಯೇ ಲೋಕ. ಬಂದೋಬಸ್ತಿನ ದಿನಗಳಲ್ಲಿ ಶೌಚಾಲಯ ಸಿಗದೆ ಪಟ್ಟ ಪಾಡಿನಿಂದ ಕಲಿತ ಪದ್ಧತಿಗಳೆಲ್ಲ ಅದರಲ್ಲಿವೆ. ಪ್ಯಾಡು, ಸೋಪಿನ ಹಾಳೆ, ಪಿನ್ನು, ಒಂದು ದುಪಟ್ಟಾ. ದುಪಟ್ಟಾ ತನಗಲ್ಲ. ರಸ್ತೆಯಲ್ಲಿ ಬಟ್ಟೆ ಹರಿದುಕೊಂಡ, ಬುದ್ಧಿ ಸ್ಥಿಮಿತ ತಪ್ಪಿದ ಹೆಂಗಸರು ಸಿಕ್ಕರೆ ಹೊದಿಸುವುದಕ್ಕೆ. ಸೀಟಿ ಅವಳ ಬಳಿಯೂ ಇದೆ, ಬೀಗದ ಕೈ ಗೊಂಚಲಿನಲ್ಲಿ. ಬಸ್ಸಿನಲ್ಲಿ ಯಾರಾದರೂ ಹುಡುಗಿಯರಿಗೆ ಕಿರುಕುಳ ಕೊಟ್ಟರೆ ಮೊದಲು ಗುರುತಿನ ಚೀಟಿ ತೆಗೆಯುತ್ತೀಯಾ ಎಂದು ಕೇಳಿದೆ. "ಇಲ್ಲ ಅಕ್ಕ, ಮೊದಲು ಬಾಯಿ ತೆಗೀತೀನಿ. ನಾನು ಪೊಲೀಸು ಅಂದ್ರೆ ಉಳಿದವರೆಲ್ಲ ನನ್ನ ಪಾಡಿಗೆ ಬಿಟ್ಟು ಕೂತ್ಕೋತಾರೆ. ಬರೀ ಹೆಂಗಸು ಕೂಗಿದ್ರೆ ನಾಲ್ಕು ಜನ ಎದ್ದು ನಿಲ್ತಾರೆ. ಚೀಟಿ ಆಮೇಲೆ" ಎಂದಳು. ಇವರಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅವಳು ಹೇಳೋದು ಸರಿ" ಎಂದರು. ಇವರು ಹಾಗೆನ್ನುವುದು ಅಪರೂಪ.

ಇವರ ಬಲಜೇಬಿನಲ್ಲಿ ಸಣ್ಣ ನೋಟ್‌ಬುಕ್ಕು, ತುಂಡು ಪೆನ್ಸಿಲ್ಲು. ಪೆನ್ನು ಮಳೆಯಲ್ಲಿ ಕೈಕೊಡುತ್ತದೆ. ಅದರ ಜೊತೆ ನಾಲ್ಕೈದು ಕಡಲೆ ಮಿಠಾಯಿ. ಇದನ್ನು ನಾನು ಬಹಳ ದಿನ ಇವರ ಸ್ವಂತಕ್ಕೆ ಅಂದುಕೊಂಡಿದ್ದೆ. ಅಲ್ಲ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳಿಗೆ. ಅಳುವ ಮಗುವಿನ ಹೆಸರು ಕೇಳಿದರೆ ಹೇಳುವುದಿಲ್ಲ. ಬಾಯಿಗೆ ಮಿಠಾಯಿ ಹೋದ ಮೇಲೆ ಅಳು ನಿಲ್ಲುತ್ತದೆ, ಮಾತು ಬರುತ್ತದೆ. ಆದರೆ ಬರುವ ಮಾತೇನು? ಅಪ್ಪನ ಹೆಸರು ‘ಅಪ್ಪ’, ಊರು ‘ನಮ್ಮೂರು’. ಮನೆಯವರಿಗೆ ಇವರ ಒಂದು ಕೋರಿಕೆ ಇದೆ: ಜಾತ್ರೆಗೋ ದಸರೆಗೋ ಮಕ್ಕಳನ್ನು ಕರೆದುಕೊಂಡು ಹೊರಡುವಾಗ ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದು ಜೇಬಿಗೆ ಹಾಕಿ ಪಿನ್ನು ಚುಚ್ಚಿ. ಹೆಸರು ಹೊರಗೆ ಕಾಣುವಂತೆ ಬರೆಯಬೇಡಿ. ಹೆಸರು ಹಿಡಿದು ಕರೆದರೆ ಮಗು ಯಾರ ಹಿಂದಾದರೂ ಹೋಗುತ್ತದೆ.

ಫೋನಿನ ಬಗ್ಗೆ ಏನು ಬರೆಯಲಿ. ಠಾಣೆಯ ಗುಂಪು, ಬೀಟಿನ ಗುಂಪು, ಬಂದೋಬಸ್ತಿನ ಗುಂಪು ಎಲ್ಲ ಸೇರಿ ಊಟದ ತಟ್ಟೆಯ ಪಕ್ಕದಲ್ಲೇ ಗುಂಯ್ಗುಡುತ್ತಿರುತ್ತವೆ. ವಾರದ ರಜೆ ಸಿಕ್ಕಿತೆಂದು ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ರದ್ದಾದದ್ದು ಆ ಫೋನಿನಲ್ಲೇ. ಮಗಳಿಗೆ ಈಗ ಹದಿನಾಲ್ಕು. ಒಂದು ದಿನ ನೇರವಾಗಿಯೇ ಕೇಳಿದಳು: "ಅಪ್ಪಾ, ನೀನು ಯಾವತ್ತಾದ್ರೂ ಬರೀ ಅಪ್ಪನಾಗಿ ಬರ್ತೀಯಾ?" ಇವರು ಉತ್ತರ ಕೊಡಲಿಲ್ಲ. ಎದ್ದು ಹೋಗಿ ಬೈಕು ಒರೆಸತೊಡಗಿದರು.

ಈ ಬೇಸಿಗೆಯಲ್ಲಿ ಗೋಕರ್ಣಕ್ಕೆ ಹೋಗುವುದೆಂದು ಮೂರು ದಿನದ ರಜೆ ಬರೆದುಕೊಟ್ಟಿದ್ದಾರೆ, ಮಂಜೂರೂ ಆಗಿದೆ. ಬ್ಯಾಗು ತುಂಬುವ ಕೆಲಸವನ್ನು ಈ ಸಲ ಮಗಳು ತಾನೇ ವಹಿಸಿಕೊಂಡಳು. ಟವೆಲ್ಲು, ಗ್ಲೌಸು, ಟಾರ್ಚು, ಕಡಲೆ ಮಿಠಾಯಿ ಎಲ್ಲ ಹಾಕಿದಳು. ಸೀಟಿಯನ್ನು ಮಾತ್ರ ತನ್ನ ಕೊರಳಿಗೆ ಹಾಕಿಕೊಂಡು, "ಸಮುದ್ರದಲ್ಲಿ ತಮ್ಮ ದೂರ ಹೋದ್ರೆ ಊದೋದು ನಾನು. ನೀನು ನೀರಿಗಿಳಿ" ಎಂದಳು. ಇವರು ಸೀಟಿಯನ್ನು ಒಮ್ಮೆ ಕೈಗೆ ತೆಗೆದುಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ ಬಿರಡೆ ಗುಂಡು ಸರಿಯಾಗಿದೆಯಾ ನೋಡಿ, ವಾಪಸ್ ಅವಳ ಕೊರಳಿಗೇ ಹಾಕಿದರು. ಫೋನಿನ ಚಾರ್ಜರನ್ನು ಯಾರು ತೆಗೆದಿಟ್ಟರೋ ನನಗೆ ಗೊತ್ತಿಲ್ಲ. ಬ್ಯಾಗಿನಲ್ಲಂತೂ ಇಲ್ಲ.